ನ್ಯಾನ್ಸಿಯ ನೀಲಿ ಕಾರು, ಮಾರ್ಪಲಜ್ಜಿಯ ಹೆಣಿಗೆ

ಮಳೆ ನಿಲ್ಲುವವರೆಗೆ ಕೂತಿರೋಣವೆಂದು ಒಳಗೆ ಬಂದಿರುವ ಸಹೃದಯರೆ,

ಈ ವೇದಿಕೆಯಲ್ಲಿ ನನಗಿಂತ ಮೊದಲು ನಿಂತವರು ವಚನಗಳ ಬಗ್ಗೆ, ದಾಸರ ಪದಗಳ ಬಗ್ಗೆ, ನವ್ಯಕಾವ್ಯದ ಬಗ್ಗೆ ಮಾತಾಡಿದವರು. ನಾನು 34 ವರ್ಷ ಪಿಯುಸಿ, ಬಿಎಸ್ಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳು. ಕರೆಯಲು ಬಂದವರು, ‘ವಿಷಯ ನಿಮ್ಮಿಷ್ಟ ಮೇಡಂ’ ಅಂದರು. ‘ಹಾಗಾದರೆ ಕೊಲೆ’ ಅಂದೆ. ತಂದಿದ್ದ ಹಣ್ಣಿನ ಚೀಲವನ್ನು ಅವರು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಂತೆ ಕಂಡಿತು. ಹೆದರಬೇಡಿ, ಇದು ರಕ್ತ ಕಾಣಿಸದ ಕೊಲೆ, ಕಾಫಿ ಕುಡಿಯುತ್ತ ಓದುವಂಥದ್ದು, ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಬೇಕಾಯಿತು.

ಇಂಗ್ಲಿಷಿನಲ್ಲಿ ಇಂಥ ಕಾದಂಬರಿಗಳಿಗೆ ಕೋಜಿ ಎನ್ನುತ್ತಾರೆ. ಟೀಪಾಟು ಆರದಿರಲೆಂದು ಅದಕ್ಕೆ ತೊಡಿಸುವ ಉಣ್ಣೆಯ ಕುಲಾವಿಗೂ ಅವರಲ್ಲಿ ಅದೇ ಹೆಸರು. ನಾವು ಏನನ್ನೋಣ? ಬೆಚ್ಚನೆಯ ಪತ್ತೇದಾರಿ ಎಂದರೆ ಆದೀತು. ನಮ್ಮ ಭಾಷೆಯಲ್ಲಿ ಬೆಚ್ಚುವುದೆಂದರೆ ಹೆದರಿ ಹೌಹಾರುವುದು, ಬೆಚ್ಚಗಿರುವುದೆಂದರೆ ಕಂಬಳಿ ಹೊದ್ದು ಕೂರುವುದು. ಬೆಚ್ಚಿಬೀಳಬೇಕಾದ ಸುದ್ದಿಯನ್ನು ಬೆಚ್ಚಗೆ ಕೂತು ಓದುವುದೇ ಈ ಪ್ರಕಾರ ಎಂದುಕೊಳ್ಳಿ. ಒಂದು ಚಿಕ್ಕ ಊರು. ಅಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಕೊಲೆ ನಡೆಯುವುದು ಮುಚ್ಚಿದ ಬಾಗಿಲ ಆಚೆ. ಸತ್ತವನು ಹೆಚ್ಚಾಗಿ ಯಾರಿಗೂ ಬೇಡವಾದವನು, ಹಾಗಾಗಿ ನಾವು ಅಳಬೇಕಾಗಿಲ್ಲ. ಪತ್ತೆ ಮಾಡುವವರು ಬೇಕರಿಯವಳೋ, ಲೈಬ್ರರಿಯವಳೋ, ಪೆನ್ಷನ್ ತಗೊಳ್ಳುವ ಟೀಚರೋ. ಬೆಕ್ಕೊಂದು ಇದ್ದೇ ಇರುತ್ತದೆ. ಇತ್ತೀಚಿನ ಕೆಲವು ಪುಸ್ತಕಗಳ ಕೊನೆಗೆ ಕೇಕು ಮಾಡುವ ವಿಧಾನವನ್ನೂ ಅಚ್ಚು ಹಾಕುತ್ತಾರೆ. ವಿಷ ಎಷ್ಟು ಹಾಕಬೇಕು ಎಂಬುದನ್ನು ಮಾತ್ರ ಪುಣ್ಯಕ್ಕೆ ಬರೆಯುವುದಿಲ್ಲ.

ನನ್ನ ವಯಸ್ಸಿನವರು, ಓದಿಕೊಂಡವರು, ಮೊಮ್ಮಕ್ಕಳನ್ನು ಕಂಡವರು ಇಂಥವನ್ನು ಯಾಕೆ ಓದುತ್ತಾರೆ? ಕೇಳಿದರೆ ಬರುವ ಉತ್ತರ ಒಂದೇ: ಚಿಕ್ಕಂದಿನಲ್ಲಿ ಓದುತ್ತಿದ್ದೆವಲ್ಲ, ಅದರ ನೆನಪು. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಪತ್ತೇದಾರಿ ಓದಿ ಬೆಳೆದವಳು ಸಾಕ್ಷಿಯ ಹೇಳಿಕೆಯನ್ನು ಹಾಗೆ ಸುಮ್ಮನೆ ಒಪ್ಪಬಾರದು. ಈ ಪ್ರಕರಣದಲ್ಲಿ ಸಾಕ್ಷಿಯೇ ನೆನಪು. ಅದನ್ನು ಕಟಕಟೆಗೆ ಹತ್ತಿಸೋಣ.

ನಾನು ಬೆಳೆದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಅರವತ್ತರ ದಶಕದಲ್ಲಿ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಲೈಬ್ರರಿ ಎಂದರೆ ಒಂದು ಮಳಿಗೆ, ಮೂರು ಗೋಡೆಗೆ ಕಪಾಟು, ನಾಲ್ಕನೆಯ ಗೋಡೆಯ ಜಾಗದಲ್ಲಿ ಮೇಜು ಹಾಕಿಕೊಂಡು ಕೂತ ಮಾಲೀಕರು. ಪ್ರತಿ ಪುಸ್ತಕಕ್ಕೂ ದಪ್ಪ ರಟ್ಟು, ಬೆನ್ನಿಗೆ ದಾರದ ಹೊಲಿಗೆ. ಹೊಲಿಗೆಯೊಳಗೆ ಸಿಕ್ಕಿಕೊಂಡ ಅಕ್ಷರಗಳನ್ನು ನಾವೇ ಊಹಿಸಿಕೊಳ್ಳಬೇಕು. ದಿನಕ್ಕೆ 5 ಪೈಸೆ. ಹೆಂಗಸರ ಕಪಾಟಿನಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ. ಗಂಡಸರ ಕಪಾಟಿನಲ್ಲಿ ಎನ್. ನರಸಿಂಹಯ್ಯ. ಹೆಚ್ಚು ಶಾಲೆ ಕಾಣದ ಈ ಮನುಷ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಂದಾಗಿ ಕನ್ನಡ ಓದಲು ಕಲಿತವರನ್ನು ನಾನೇ ಕಂಡಿದ್ದೇನೆ. ಅವರಲ್ಲೊಬ್ಬ ನಮ್ಮ ಮನೆಗೆ ಸೌದೆ ಒಡೆಯಲು ಬರುತ್ತಿದ್ದ. ನಮ್ಮ ಹಳದಿ ಕೆಂಪು ಬಾವುಟವನ್ನು ರೂಪಿಸಿಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರು. ನವೆಂಬರ್‌ನಲ್ಲಿ ಬಾವುಟ ಹಾರಿಸುವವರು ಅವರ ಕಾದಂಬರಿಗಳ ಸುದ್ದಿ ಎತ್ತುವುದಿಲ್ಲ. ಪತ್ತೇದಾರಿ ಎಂದರೆ ನಮ್ಮ ಸಾಹಿತ್ಯಕ್ಕೆ ಇನ್ನೂ ಹಿತ್ತಿಲ ಬಾಗಿಲು.

ಆ ಲೈಬ್ರರಿಯ ಓದುಗರಲ್ಲಿ ಒಬ್ಬ ಪುಣ್ಯಾತ್ಮ ಇದ್ದ. ಯಾವ ಪತ್ತೇದಾರಿ ತೆಗೆದರೂ ಮೂರನೆಯ ಪುಟದಲ್ಲಿ ಪೆನ್ಸಿಲಿನಿಂದ ‘ಕೊಲೆಗಾರ ಇವನೇ’ ಎಂದು ಒಂದು ಹೆಸರಿಗೆ ಗೆರೆ ಎಳೆದಿರುತ್ತಿದ್ದ. ಒಂದು ವರ್ಷ ಆತನನ್ನು ಶಪಿಸುತ್ತ ಓದಿದೆ. ಆಮೇಲೆ ತಿಳಿಯಿತು, ಅರ್ಧದಷ್ಟು ಪುಸ್ತಕಗಳಲ್ಲಿ ಆತ ಬೇಕೆಂದೇ ತಪ್ಪು ಹೆಸರಿಗೆ ಗೆರೆ ಎಳೆಯುತ್ತಿದ್ದ. ಓದುವಾಗ ಯಾರನ್ನೂ ನಂಬಬಾರದು ಎಂಬುದನ್ನು ನನಗೆ ಕಲಿಸಿದ ಗುರು ಆತ. ಬದುಕಿದ್ದರೆ ನಮಸ್ಕಾರ.

ಇಂಗ್ಲೆಂಡಿನ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್ ನಮ್ಮ ಮನೆಗೆ ಬಂದದ್ದು ಬೆಂಗಳೂರಿನ ಚಿಕ್ಕಪ್ಪನ ಮಗಳ ಹಳೆಯ ಪುಸ್ತಕಗಳ ಗಂಟಿನಲ್ಲಿ. ಅವಳು ಕಾನ್ವೆಂಟು, ನಾನು ಕನ್ನಡ ಶಾಲೆ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಲು ಕೂತೆ. ಜೂಲಿಯನ್, ಡಿಕ್, ಆನ್, ಹುಡುಗನಂತೆ ಕೂದಲು ಕತ್ತರಿಸಿಕೊಂಡ ಜಾರ್ಜ್, ಟಿಮ್ಮಿ ಎಂಬ ನಾಯಿ. ಜಾರ್ಜ್ ನಿಜಕ್ಕೂ ಜಾರ್ಜಿನಾ ಎಂಬ ಹುಡುಗಿ. ಆ ಹೆಸರಿನಿಂದ ಕರೆದರೆ ಓಗೊಡುವುದಿಲ್ಲ. ಅವಳಿಗೆ ಸ್ವಂತಕ್ಕೆ ಒಂದು ದ್ವೀಪವೇ ಇತ್ತು. ನನಗೆ ಸ್ವಂತಕ್ಕೆ ಒಂದು ಕಪಾಟಿನ ಕೆಳಗಿನ ಗೂಡೂ ಇರಲಿಲ್ಲ. ಬುತ್ತಿ ಬಿಚ್ಚಿದಾಗ ಆ ಮಕ್ಕಳು ನಾಲಗೆ ತಿಂದರು ಎಂದಿತ್ತು. ಡಿಕ್ಷನರಿಯಲ್ಲಿ ನೋಡಿದರೂ ನಾಲಗೆಯೇ. ನಮ್ಮದು ಈರುಳ್ಳಿಗೂ ಹಿಂದೆಮುಂದೆ ನೋಡುವ ಮನೆ. ದೊಡ್ಡಕ್ಕನನ್ನು ಕೇಳಿದೆ. ‘ನಾಲಗೆ ಅಂದ್ರೆ ಬಾಯಿಚಪಲ ಕಣೆ, ರುಚಿರುಚಿಯಾಗಿ ತಿಂದರು ಅಂತ ಅರ್ಥ’ ಅಂದಳು. ಅದು ಹಸುವಿನ ನಾಲಗೆಯನ್ನು ಬೇಯಿಸಿ ತೆಳ್ಳಗೆ ಹೆಚ್ಚಿದ್ದು ಎಂದು ತಿಳಿಯುವ ಹೊತ್ತಿಗೆ ನಾನು ಎಂಎಸ್ಸಿ ಮುಗಿಸಿದ್ದೆ.

ಜಿಂಜರ್ ಬಿಯರ್ ಇನ್ನೊಂದು ಒಗಟು. ಮಕ್ಕಳು ಬಿಯರ್ ಕುಡಿಯುತ್ತಾರೆ, ದೊಡ್ಡವರು ಬೈಯುವುದಿಲ್ಲ! ಕೊನೆಗೆ ನಮ್ಮ ಗೋಲಿಸೋಡಕ್ಕೆ ಶುಂಠಿ ಹಿಂಡಿದಂತೆ ಇದ್ದೀತು ಎಂದು ತೀರ್ಮಾನಿಸಿ ಸಮಾಧಾನಪಟ್ಟುಕೊಂಡೆ. ತೀರ್ಮಾನ ಅಷ್ಟೇನೂ ತಪ್ಪಿರಲಿಲ್ಲ.

ಈಗ ನೆನಪು ಎಂಬ ಸಾಕ್ಷಿಗೆ ಮೊದಲ ಪಾಟೀಸವಾಲು. ಬ್ಲೈಟನ್ ಓದಿದ ಯಾರನ್ನೇ ಕೇಳಿ, ಆ ಐವರು ಹೊಟ್ಟೆ ತುಂಬ, ಧಾರಾಳವಾಗಿ ಜಿಂಜರ್ ಬಿಯರ್ ಕುಡಿಯುವುದನ್ನು ಹೇಳುವ ಒಂದು ಇಂಗ್ಲಿಷ್ ಪದಗುಚ್ಛವನ್ನು ಥಟ್ಟನೆ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಓದಿದ್ದೇನೆಂದು ಆಣೆ ಮಾಡುತ್ತಿದ್ದೆ. ಆ ಪದಗುಚ್ಛ ಆ ಐವರ 21 ಪುಸ್ತಕಗಳಲ್ಲಿ ಒಂದರಲ್ಲೂ ಇಲ್ಲ. ಅದು ಹುಟ್ಟಿದ್ದು 1982ರ ನವೆಂಬರಿನಲ್ಲಿ, ಬ್ರಿಟನ್ನಿನ ಚಾನೆಲ್ ಫೋರ್ ಶುರುವಾದ ರಾತ್ರಿಯೇ ಪ್ರಸಾರವಾದ ಒಂದು ಅಣಕು ನಾಟಕದಲ್ಲಿ. ಬ್ಲೈಟನ್ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಗೇಲಿ ಮಾಡಲು ಯಾರೋ ಬರೆದ ಮಾತನ್ನು ನಾವೆಲ್ಲ ನಮ್ಮ ಬಾಲ್ಯದೊಳಗೆ ಇಟ್ಟುಕೊಂಡು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದೇವೆ.

ಆದರೆ ತಿಂಡಿಯ ನೆನಪು ಪೂರ್ತಿ ಸುಳ್ಳಲ್ಲ. ಆ ಸರಣಿಯ ಮೊದಲ ಪುಸ್ತಕ ಬಂದದ್ದು 1942ರಲ್ಲಿ, ಯುದ್ಧದ ನಡುವೆ. 1940ರಲ್ಲಿ ಶುರುವಾದ ಇಂಗ್ಲೆಂಡಿನ ಆಹಾರ ಪಡಿತರ ಪೂರ್ತಿ ತೆಗೆದದ್ದು 1954ರಲ್ಲಿ. ಅಂದರೆ ಸರಣಿಯ ಅರ್ಧಕ್ಕೂ ಹೆಚ್ಚು ಪುಸ್ತಕಗಳನ್ನು ಓದಿದ ಮಕ್ಕಳು ಬೆಣ್ಣೆ, ಸಕ್ಕರೆ, ಮಿಠಾಯಿಯನ್ನು ಚೀಟಿ ತೋರಿಸಿ, ತೂಕ ಹಾಕಿಸಿ ತಿಂದವರು. ರೈತನ ಹೆಂಡತಿ ತಟ್ಟೆ ತುಂಬ ಹ್ಯಾಮು, ಮೊಟ್ಟೆ, ಪ್ಲಮ್ ಕೇಕು ತಂದಿಡುವ ಆ ಪುಟಗಳನ್ನು ಅವರು ಓದಿದ್ದು ಗುಹೆಯ ನಿಧಿಗಿಂತ ಹೆಚ್ಚಿನ ಆಸೆಯಿಂದ ಇದ್ದೀತು. ಗೋಧಿಗೂ ಸಕ್ಕರೆಗೂ ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಿದ್ದ ನಮಗೂ ಹಾಗೇ. ಕಳ್ಳಸಾಗಣೆದಾರ ಯಾರೆಂಬುದು ಒಂದು ಪುಸ್ತಕದ್ದೂ ನನಗೆ ನೆನಪಿಲ್ಲ, ಆ ಬುಟ್ಟಿಗಳಲ್ಲಿ ಏನಿತ್ತೆಂಬುದು ನೆನಪಿದೆ.

ಎರಡನೆಯ ಪಾಟೀಸವಾಲು ಸ್ವಲ್ಪ ಕಹಿ. ನಿವೃತ್ತಿಯಾದ ವರ್ಷ ಹಳೆಯ ಪುಸ್ತಕಗಳನ್ನೆಲ್ಲ ಮತ್ತೆ ಓದಲು ಕೂತೆ. ಮೊದಲ ವಾರ ಸುಖವಾಗಿತ್ತು. ಎರಡನೆಯ ವಾರದ ಹೊತ್ತಿಗೆ ಒಂದು ಲೆಕ್ಕ ಕಣ್ಣಿಗೆ ಬಿತ್ತು. ಆ ಊರುಗಳಲ್ಲಿ ಅನುಮಾನ ಮೊದಲು ಬೀಳುವುದು ಯಾರ ಮೇಲೆ? ಬಂಡಿಯಲ್ಲಿ ಬಂದ ಅಲೆಮಾರಿಗಳ ಮೇಲೆ, ಸರ್ಕಸ್ಸಿನವರ ಮೇಲೆ, ಮಾತಿನ ಧಾಟಿ ಬೇರೆಯಿರುವ ಪರದೇಶಿಯ ಮೇಲೆ, ಮೈಬಣ್ಣ ಕಪ್ಪಾಗಿರುವವರ ಮೇಲೆ. ಬಹಳ ಸಲ ಆ ಅನುಮಾನ ನಿಜವೂ ಆಗುತ್ತದೆ. ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯ ಅತ್ಯಂತ ಪ್ರಸಿದ್ಧ ಕಾದಂಬರಿಗಳಲ್ಲೊಂದು 1939ರಲ್ಲಿ ಇಂಗ್ಲೆಂಡಿನಲ್ಲಿ ಬಂದಾಗ ಅದರ ಹೆಸರಿನಲ್ಲೇ ಕರಿಯರನ್ನು ಹೀಯಾಳಿಸುವ ಶಬ್ದವಿತ್ತು. ಮರುವರ್ಷ ಅಮೆರಿಕದಲ್ಲಿ ಅಚ್ಚಾಗುವಾಗ ಹೆಸರು ಬದಲಾಯಿತು. ನನ್ನನ್ನು ಕಾಡಿದ್ದು ಬರೆದವರ ತಪ್ಪಲ್ಲ. ಅವರು ಅವರ ಕಾಲದ ಜನ, ಅವರ ಪಾಪ ಅವರಿಗೆ. ತುಂಗೆಯ ದಡದಲ್ಲಿ ಕೂತು ಓದುತ್ತಿದ್ದ ಎಣ್ಣೆಗಪ್ಪಿನ ಹುಡುಗಿ, ಕಪ್ಪು ಮುಖದವನು ಸಿಕ್ಕಿಬಿದ್ದಾಗಲೆಲ್ಲ ಚಪ್ಪಾಳೆ ತಟ್ಟಿದಳಲ್ಲ, ಅದು. ಆ ಮಕ್ಕಳ ಊರಿಗೆ ನಾನೇನಾದರೂ ಹೋಗಿದ್ದರೆ ಟಿಮ್ಮಿ ಮೊದಲು ಬೊಗಳುತ್ತಿದ್ದುದು ನನ್ನನ್ನು ನೋಡಿ. ಓದುವಾಗ ಅದು ಒಂದು ದಿನವೂ ಹೊಳೆಯಲಿಲ್ಲ. ಹೊಳೆಯದಂತೆ ಬರೆಯುವುದೇ ಕಸುಬು ಇರಬಹುದು. ಪತ್ತೇದಾರಿಯಲ್ಲಿ ಓದುಗ ಯಾವಾಗಲೂ ಹುಡುಕುವವರ ಕಡೆ. ಹುಡುಕಿಸಿಕೊಳ್ಳುವವರ ಕಡೆ ಕೂರಿಸುವ ಕಾದಂಬರಿಗೆ ನಾವು ಬೇರೆ ಹೆಸರಿಟ್ಟು ಬೇರೆ ಕಪಾಟಿನಲ್ಲಿ ಇಡುತ್ತೇವೆ.

ಇನ್ನು ನ್ಯಾನ್ಸಿ ಡ್ರೂ. ಹಳದಿ ಬೆನ್ನಿನ ಆ ಪುಸ್ತಕಗಳನ್ನು ನಾನು ಕಂಡದ್ದು ಕಾಲೇಜಿಗೆ ಬಂದ ಮೇಲೆ. ನೀಲಿ ಕಾರು, ವಕೀಲ ತಂದೆ, ತೀರಿಕೊಂಡ ತಾಯಿ, ಅಡಿಗೆ ನೋಡಿಕೊಳ್ಳುವ ಹಾನಾ. ನ್ಯಾನ್ಸಿ ಎಲ್ಲಿಗೆ ಬೇಕಾದರೂ ಹೋಗುತ್ತಾಳೆ, ಯಾರನ್ನು ಬೇಕಾದರೂ ಕೇಳುತ್ತಾಳೆ, ರಾತ್ರಿ ತಡವಾಗಿ ಬಂದರೆ ಹಾನಾ ಊಟ ಬಿಸಿ ಮಾಡಿ ಬಡಿಸುತ್ತಾಳೆ. ಏಳು ಗಂಟೆಯ ದೀಪಕ್ಕೆ ಮೊದಲು ಮನೆ ಸೇರಬೇಕಿದ್ದ ನಮಗೆ ಅವಳು ಬಗೆಹರಿಸಿದ ರಹಸ್ಯಕ್ಕಿಂತ ಅವಳಿಗೆ ಬೈಯುವವರಿಲ್ಲ ಎಂಬುದೇ ದೊಡ್ಡ ರಹಸ್ಯ.

ಬರೆದವರು ಕ್ಯಾರೊಲಿನ್ ಕೀನ್ ಎಂದು ರಟ್ಟಿನ ಮೇಲಿತ್ತು. ಅವರಿಗೊಂದು ಪತ್ರ ಬರೆಯಬೇಕೆಂದು ನಾನೂ ನನ್ನ ಗೆಳತಿಯೂ ಏರೋಗ್ರಾಮ್ ತಂದು ಇಟ್ಟುಕೊಂಡಿದ್ದೆವು. ಅಂಥವರು ಯಾರೂ ಇರಲಿಲ್ಲ. ಎಡ್ವರ್ಡ್ ಸ್ಟ್ರಾಟೆಮೈಯರ್ ಎಂಬ ಅಮೆರಿಕದ ಬುದ್ಧಿವಂತ, ಮಕ್ಕಳ ಕಾದಂಬರಿಗಳನ್ನು ಕಾರ್ಖಾನೆಯಲ್ಲಿ ತಯಾರಿಸುವಂತೆ ತಯಾರಿಸುತ್ತಿದ್ದ. ಕಥೆಯ ಹಂದರ ಅವನದು. ಅದನ್ನು ಯಾರಿಗೋ ಕೊಡುವುದು, ಬರೆಸುವುದು, ಒಮ್ಮೆಗೆ ಇಷ್ಟೆಂದು ದುಡ್ಡು ಕೊಟ್ಟು ಹೆಸರನ್ನೂ ಹಕ್ಕನ್ನೂ ಬರೆಸಿಕೊಳ್ಳುವುದು. ಹಾರ್ಡಿ ಬಾಯ್ಸ್ ಕೂಡ ಅಲ್ಲಿನ ಸರಕು, 1927ರದು. ಅವುಗಳಲ್ಲಿ ಮೊದಲಿನವನ್ನು ಬರೆದ ಕೆನಡಾದ ಲೆಸ್ಲಿ ಮ್ಯಾಕ್‌ಫರ್ಲೇನ್‌ಗೆ ಆ ಕೆಲಸ ಕಂಡರಾಗುತ್ತಿರಲಿಲ್ಲ. ಬಾಡಿಗೆ ಕಟ್ಟಲು ಬರೆದ. ನ್ಯಾನ್ಸಿಯ ಮೊದಲ ಮೂರು ಪುಸ್ತಕಗಳು 1930ರ ಏಪ್ರಿಲ್ 28ರಂದು ಮಾರುಕಟ್ಟೆಗೆ ಬಂದವು. ಹನ್ನೆರಡು ದಿನಕ್ಕೆ ಸ್ಟ್ರಾಟೆಮೈಯರ್ ತೀರಿಕೊಂಡ. ತಾನು ಬಿತ್ತಿದ್ದು ಎಂಥ ಮರವಾಯಿತೆಂದು ನೋಡಲಿಲ್ಲ.

ಆ ಪುಸ್ತಕಗಳನ್ನು ಬರೆದವಳು ಮಿಲ್ಡ್ರೆಡ್ ವರ್ಟ್, ಆಗ ಇಪ್ಪತ್ತೈದು ತುಂಬದವಳು, ಅಯೋವಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಪಡೆದ ಮೊದಲಿಗಳು. ಪುಸ್ತಕಕ್ಕೆ 125 ಡಾಲರ್. ಮೊದಲ ಮೂವತ್ತರಲ್ಲಿ 23 ಅವಳವೇ. ತಾನು ಬರೆದೆ ಎಂದು ಹೇಳಿಕೊಳ್ಳಬಾರದೆಂಬ ಕರಾರಿಗೆ ಸಹಿ ಹಾಕಿದ್ದಳು, ಹಾಗೆಯೇ ನಡೆದುಕೊಂಡಳು. ಇತ್ತ ಸ್ಟ್ರಾಟೆಮೈಯರನ ಮಗಳು ಹ್ಯಾರಿಯೆಟ್, ತಾನೇ ಕ್ಯಾರೊಲಿನ್ ಕೀನ್ ಎಂದು ಹೇಳಿಕೊಂಡು ತಿರುಗಿದಳು. 1980ರಲ್ಲಿ ಪ್ರಕಾಶಕರ ಜಗಳವೊಂದು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದಾಗ ಮಿಲ್ಡ್ರೆಡ್ ಸಾಕ್ಷಿ ಹೇಳಲು ಬಂದಳು. ಐವತ್ತು ವರ್ಷದ ಗುಟ್ಟು ರಟ್ಟಾದದ್ದು ಹಾಗೆ. ರಹಸ್ಯದ ಪುಸ್ತಕಗಳ ಒಳಗಿನ ದೊಡ್ಡ ರಹಸ್ಯ ಅವುಗಳ ರಟ್ಟಿನ ಮೇಲೆಯೇ ಇತ್ತು. ನ್ಯಾನ್ಸಿಯನ್ನು ಹೊರತುಪಡಿಸಿ ಯಾರಿಗಾದರೂ ಅದು ಕಾಣಿಸಬೇಕಿತ್ತು.

ಇನ್ನೊಂದು ಸಂಗತಿಯೂ ಬಯಲಾಯಿತು. ನಾನು ಓದಿದ ನ್ಯಾನ್ಸಿ ಮಿಲ್ಡ್ರೆಡ್ ಬರೆದ ನ್ಯಾನ್ಸಿಯಾಗಿರಲಿಲ್ಲ. 1959ರಿಂದ ಹ್ಯಾರಿಯೆಟ್ ಹಳೆಯ ಪುಸ್ತಕಗಳನ್ನು ತಿದ್ದಿಸುತ್ತ ಬಂದಳು. 25 ಅಧ್ಯಾಯಗಳು 20 ಆದವು. ಹದಿನಾರರ ಹುಡುಗಿಗೆ ಹದಿನೆಂಟಾಯಿತು. ಕರಿಯರ ಬಗೆಗಿನ ಕೆಟ್ಟ ಚಿತ್ರಣವನ್ನು ತೆಗೆದರು, ಬಹಳ ಕಡೆ ಹೇಗೆಂದರೆ ಆ ಪಾತ್ರಗಳನ್ನೇ ತೆಗೆದುಹಾಕಿ. ಗಾಯ ವಾಸಿ ಮಾಡಲು ಕಾಲನ್ನೇ ಕತ್ತರಿಸಿದಂತೆ. ಜೊತೆಗೆ ನ್ಯಾನ್ಸಿಯ ಬಾಯಿಯನ್ನೂ ಸ್ವಲ್ಪ ಹೊಲಿದರು. 1930ರವಳು ದೊಡ್ಡವರಿಗೆ ಎದುರು ಮಾತಾಡುತ್ತಾಳೆ. ನನ್ನ ಕೈಗೆ ಬಂದವಳು ವಿನಯವಂತೆ. ಮೂಲ ಪುಸ್ತಕದ ಮರುಮುದ್ರಣವನ್ನು ಮಗಳು ತಂದುಕೊಟ್ಟಾಗ ಓದಿ, ಐವತ್ತು ವರ್ಷ ತಡವಾಗಿ ಸಿಟ್ಟು ಮಾಡಿಕೊಂಡೆ. ನನಗೆ ಬೇಕಿದ್ದವಳು ಅವಳು.

1930 ಎಂಬ ಇಸವಿಯನ್ನು ಸ್ವಲ್ಪ ನೆನಪಿನಲ್ಲಿಡಿ. ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹದಿನಾರರ ನ್ಯಾನ್ಸಿ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಮಿಸ್ ಮಾರ್ಪಲ್‌ಳ ಮೊದಲ ಕಾದಂಬರಿ. ಸೇಂಟ್ ಮೇರಿ ಮೀಡ್ ಎಂಬ ಹಳ್ಳಿ, ಮದುವೆಯಾಗದ ಮುದುಕಿ, ಕೈಯಲ್ಲಿ ಹೆಣಿಗೆ, ಕಣ್ಣು ಕಿಟಕಿಯ ಆಚೆ. ತನ್ನ ಅಜ್ಜಿಯ ಗೆಳತಿಯರನ್ನು ನೋಡಿ ಕ್ರಿಸ್ಟಿ ಇವಳನ್ನು ಕಟ್ಟಿದಳು. ಶುರುವಿಗೇ ಅರವತ್ತೈದು ದಾಟಿಸಿಬಿಟ್ಟೆನಲ್ಲ, ಇಷ್ಟು ಕಾಲ ಬರೆಯಬೇಕಾದೀತೆಂದು ಗೊತ್ತಿದ್ದರೆ ಶಾಲೆಗೆ ಹೋಗುವ ಹುಡುಗನನ್ನು ತರುತ್ತಿದ್ದೆ ಎಂದು ಆಮೇಲೆ ಪೇಚಾಡಿಕೊಂಡದ್ದೂ ಉಂಟು. ಹನ್ನೆರಡು ಕಾದಂಬರಿಗಳಲ್ಲಿ ಮಾರ್ಪಲಜ್ಜಿ ಸಾಯಲಿಲ್ಲ, ನ್ಯಾನ್ಸಿ ಇವತ್ತಿಗೂ ಹದಿನೆಂಟು ದಾಟಿಲ್ಲ.

ಒಂದೇ ವರ್ಷ ಕಾದಂಬರಿಗೆ ಬಂದ ಈ ಇಬ್ಬರನ್ನು ಪಕ್ಕಪಕ್ಕ ಕೂರಿಸಿ ನೋಡಿದಾಗ ನನ್ನ ಪ್ರಕರಣಕ್ಕೆ ಒಂದು ಎಳೆ ಸಿಕ್ಕಿತು. ಇಬ್ಬರಿಗೂ ನೌಕರಿಯಿಲ್ಲ. ಇಬ್ಬರಿಗೂ ಗಂಡ, ಮಕ್ಕಳು, ಅತ್ತೆಮಾವ ಇಲ್ಲ. ಇಬ್ಬರ ಮನೆಗೆಲಸವನ್ನೂ ಬೇರೆ ಹೆಂಗಸರು ಮಾಡುತ್ತಾರೆ. ಒಬ್ಬಳನ್ನು ಮಗು ಎಂದು, ಇನ್ನೊಬ್ಬಳನ್ನು ಮುದುಕಿ ಎಂದು ಯಾರೂ ಗಮನಿಸುವುದಿಲ್ಲ. ಆದ್ದರಿಂದಲೇ ಅವರ ಎದುರು ಎಲ್ಲರೂ ಮಾತಾಡುತ್ತಾರೆ. ಹದಿನಾರಕ್ಕೂ ಅರವತ್ತೈದಕ್ಕೂ ನಡುವಿನ ಹೆಂಗಸು ಎಲ್ಲಿ ಹೋದಳು? ಕ್ರಿಸ್ಟಿಯಲ್ಲೇ ನಡುವಯಸ್ಸಿನ ಅರಿಯಾಡ್ನಿ ಆಲಿವರ್ ಇದ್ದಾಳಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಗೊಣಗುತ್ತಿದ್ದರೆ ಒಪ್ಪುತ್ತೇನೆ, ಅಂಥವರು ಒಬ್ಬಿಬ್ಬರು ಇದ್ದಾರೆ. ಆದರೂ ನನ್ನ ಬದುಕಿನ ಲೆಕ್ಕ ಹೇಳುತ್ತೇನೆ. ಇಪ್ಪತ್ತನಾಲ್ಕರಿಂದ ಐವತ್ತೆಂಟರವರೆಗೆ ನಾನು ಒಂದೇ ಒಂದು ಪತ್ತೇದಾರಿ ಓದಲಿಲ್ಲ. ಪುರುಸೊತ್ತಿಲ್ಲ ಎಂದುಕೊಂಡಿದ್ದೆ. ಪುರುಸೊತ್ತಲ್ಲ ವಿಷಯ. ಆ ವಯಸ್ಸಿನಲ್ಲಿ ಪ್ರಶ್ನೆ ಕೇಳುವವರು ಬೇರೆಯವರು, ಉತ್ತರ ಹೇಳುವವಳು ನಾನು. ಸಾರಿಗೆ ಉಪ್ಪೇಕೆ ಹೆಚ್ಚಾಯಿತು, ಸಿಲಬಸ್ ಯಾಕೆ ಮುಗಿಯಲಿಲ್ಲ, ಮಗನಿಗೆ ಗಣಿತದಲ್ಲಿ ಯಾಕೆ ಕಡಿಮೆ ಬಂತು, ಎಷ್ಟು ಹೊತ್ತಿಗೆ ಬಂದೆ, ಯಾರ ಜೊತೆ ಬಂದೆ. ದಿನವೂ ವಿಚಾರಣೆಗೆ ಹಾಜರಾಗುವವಳಿಗೆ ವಿಚಾರಣೆಯ ಕಥೆ ರುಚಿಸುವುದು ಹೇಗೆ?

ಈಗ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಬ್ಯಾಂಕಿನ ಸಾಲಿನಲ್ಲಿ, ಮದುವೆ ಮನೆಯಲ್ಲಿ, ಪಾರ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು ಜನ ಮನೆಯ ಗುಟ್ಟೆಲ್ಲ ಫೋನಿನಲ್ಲಿ ಜೋರಾಗಿ ಹೇಳುತ್ತಾರೆ. ಮೊದಮೊದಲು ಅವಮಾನವೆನಿಸಿತು. ಈಗ ಟಿಪ್ಪಣಿ ಮಾಡಿಕೊಳ್ಳುತ್ತೇನೆ.

ರಸಾಯನಶಾಸ್ತ್ರದವಳಾಗಿ ಕ್ರಿಸ್ಟಿಗೆ ಒಂದು ಮೆಚ್ಚುಗೆ ಸಲ್ಲಿಸದೆ ಮುಂದೆ ಹೋಗಲಾರೆ. ಮೊದಲ ಮಹಾಯುದ್ಧದಲ್ಲಿ ಆಕೆ ಟಾರ್ಕೀ ಊರಿನ ಆಸ್ಪತ್ರೆಯ ಔಷಧಶಾಲೆಯಲ್ಲಿ ಕೆಲಸ ಮಾಡಿ, ಪರೀಕ್ಷೆ ಕಟ್ಟಿ ಪಾಸಾದವಳು. 1920ರ ಮೊದಲ ಕಾದಂಬರಿಯಲ್ಲಿ ಕೊಲ್ಲುವ ವಿಷ ಹೊರಗಿನಿಂದ ಬರುವುದೇ ಇಲ್ಲ. ಸ್ಟ್ರಿಕ್ನಿನ್ ಬೆರೆತ ಟಾನಿಕ್ಕಿಗೆ ಬ್ರೋಮೈಡ್ ಪುಡಿ ಬೀಳುತ್ತದೆ. ಕರಗಿದ್ದ ಸ್ಟ್ರಿಕ್ನಿನ್ ತಳಕ್ಕೆ ಇಳಿಯುತ್ತದೆ. ಬಾಟಲಿಯ ಕೊನೆಯ ಡೋಸಿನಲ್ಲಿ ಸಾವು. ನೂರು ವರ್ಷ ದಾಟಿದ ಪುಸ್ತಕದ ಗುಟ್ಟನ್ನು ಹೇಳಿದರೆ ಪಾಪವಿಲ್ಲ ಎಂದು ಭಾವಿಸಿದ್ದೇನೆ. ಫಾರ್ಮಸಿಯವರ ಪತ್ರಿಕೆಯೊಂದು ಇದನ್ನು ಹೊಗಳಿ ಬರೆದಾಗ ಆಕೆಗೆ ಬಹಳ ಖುಷಿಯಾಯಿತಂತೆ. ಪಿಯುಸಿಯಲ್ಲಿ ಒತ್ತರದ, ಅಂದರೆ ಪ್ರೆಸಿಪಿಟೇಟಿನ, ಪಾಠಕ್ಕೆ ನಾನು ಈ ಉದಾಹರಣೆ ಕೊಡುತ್ತಿದ್ದೆ. ಆ ಒಂದು ಪಾಠ ಮಾತ್ರ ಎಲ್ಲರಿಗೂ ಬರುತ್ತಿತ್ತು. ‘ಶೇಕ್ ವೆಲ್ ಬಿಫೋರ್ ಯೂಸ್’ ಎಂಬುದನ್ನು ನನ್ನ ವಿದ್ಯಾರ್ಥಿಗಳಷ್ಟು ನಿಷ್ಠೆಯಿಂದ ಪಾಲಿಸುವವರು ಕರ್ನಾಟಕದಲ್ಲಿ ಇರಲಾರರು.

ಈ ಬಗೆಯ ಕಾದಂಬರಿ ದಟ್ಟವಾಗಿ ಬೆಳೆದದ್ದು ಎರಡು ಮಹಾಯುದ್ಧಗಳ ನಡುವೆ. ಅಲಿಸನ್ ಲೈಟ್ ಎಂಬ ವಿಮರ್ಶಕಿ 1991ರ ತನ್ನ ಪುಸ್ತಕದಲ್ಲಿ ಇದನ್ನು ಕಾಯಿಲೆಯಿಂದ ಚೇತರಿಸಿಕೊಳ್ಳುವವರ ಸಾಹಿತ್ಯ ಎಂದು ಕರೆದಿದ್ದಾಳೆ. ಸರಿಯಾದ ಮಾತು. ಕಂದಕಗಳಲ್ಲಿ ಲಕ್ಷಲಕ್ಷ ಹುಡುಗರು ಯಾರು ಕೊಂದರು, ಯಾಕೆ ಕೊಂದರು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಸತ್ತುಹೋಗಿದ್ದರು. ಮನೆಗೆ ಮರಳಿದವರಿಗೆ ಒಂದೇ ಒಂದು ಹೆಣ, ಅದಕ್ಕೆ ಒಂದು ಕಾರಣ, ಒಬ್ಬ ಅಪರಾಧಿ ಸಿಗುವ ಪುಸ್ತಕ ಪಥ್ಯದ ಗಂಜಿಯಂತೆ ಹಿತವಾಗಿದ್ದಿರಬೇಕು. ಎರಡನೆಯ ಯುದ್ಧದ ನಂತರ, 1950ರ ಒಂದು ಕಾದಂಬರಿಯಲ್ಲಿ, ಮಾರ್ಪಲಜ್ಜಿಗೆ ಹೊಸ ಕಳವಳ ಹತ್ತುತ್ತದೆ. ಮೊದಲು ಹಳ್ಳಿಯಲ್ಲಿ ಯಾರು ಯಾರ ಮಗನೆಂದು ಗೊತ್ತಿರುತ್ತಿತ್ತು, ಈಗ ಎಲ್ಲಿಂದಲೋ ಬಂದು ಮನೆ ಮಾಡುತ್ತಾರೆ, ಅವರು ಹೇಳಿದ್ದನ್ನೇ ನಂಬಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಗೆಳತಿಯರೆಲ್ಲ ಆ ಪುಟವನ್ನು ಓದಿ, ಇದು ನಮ್ಮ ಬ್ಲಾಕಿನ ಕಥೆ ಎಂದರು.

ಇದೆಲ್ಲ ಪುಸ್ತಕಗಳೇ ಅಲ್ಲ ಎನ್ನುವವರು ಅಂದೂ ಇದ್ದರು. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1945ರಲ್ಲಿ, ಕ್ರಿಸ್ಟಿಯ ಪಾತ್ರವೊಂದನ್ನು ಯಾರು ಕೊಂದರೆ ಯಾರಿಗೇನು ಎಂಬ ಅರ್ಥದ ತಲೆಬರಹ ಕೊಟ್ಟು ಚೆನ್ನಾಗಿ ಜಾಡಿಸಿದ. ಕವಿ ಆಡೆನ್ ಮಾತ್ರ ಪ್ರಾಮಾಣಿಕ. ತನಗೆ ಇದು ಹೊಗೆಸೊಪ್ಪಿನಂತೆ, ಹೆಂಡದಂತೆ ಚಟ, ಹಿಡಿದರೆ ಮುಗಿಸುವವರೆಗೆ ಬೇರೆ ಕೆಲಸ ಆಗುವುದಿಲ್ಲ, ಮುಗಿದ ಕೂಡಲೇ ಮರೆತುಹೋಗುತ್ತದೆ ಎಂದು 1948ರಲ್ಲಿ ಬರೆದ. ಕೊನೆಯದು ನನಗೆ ಬಹಳ ಅನುಕೂಲವಾಗಿದೆ. ವಯಸ್ಸಾದಂತೆ ಮರೆವು ಹೆಚ್ಚಿ, ಒಂದೇ ಪುಸ್ತಕವನ್ನು ವರ್ಷಕ್ಕೆ ಎರಡು ಸಲ ಹೊಸದಾಗಿ ಓದುತ್ತಿದ್ದೇನೆ.

ಈಚಿನವನ್ನೂ ಓದುತ್ತೇನೆ. ಬೋಟ್ಸ್ವಾನಾದ ಪತ್ತೇದಾರಿಣಿ ಮಾ ರಮೋಟ್ಸ್ವೆ ನನಗೆ ಇಷ್ಟ. ಕಥೆಯಲ್ಲಿ ಅಪರಾಧ ಇಲ್ಲದಿದ್ದರೂ ನಡೆಯುತ್ತದೆ. ರಿಚರ್ಡ್ ಆಸ್ಮನ್ 2020ರಲ್ಲಿ ಕೆಂಟ್ ಸೀಮೆಯ ವೃದ್ಧರ ಬಡಾವಣೆಯಲ್ಲಿ ನಾಲ್ವರು ಹಿರಿಯರನ್ನು ಗುರುವಾರಗುರುವಾರ ಕೊಲೆಯ ಕಡತ ಬಿಚ್ಚಲು ಕೂರಿಸಿದ, ಮೊದಲದ್ದು ಚೆನ್ನಾಗಿದೆ. ಕೇಕು ಅಂಗಡಿ, ಬೆಕ್ಕಿನ ಅಂಗಡಿ, ನೂಲಿನ ಅಂಗಡಿ ಸರಣಿಗಳಲ್ಲಿ ಬಹುಪಾಲು ಸಕ್ಕರೆ ಪಾಕ ಹೆಚ್ಚಾದ ಚಿರೋಟಿ. ನಮ್ಮ ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ 2022ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿ 1921ರ ಬೆಂಗಳೂರಿನದು. ಡಾಕ್ಟರ ಹೆಂಡತಿ ಕಾವೇರಿ, ಗಣಿತವೆಂದರೆ ಪ್ರಾಣ, ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಕೊಲೆ, ಕೊನೆಗೆ ನಮ್ಮ ಕಡೆಯ ಅಡಿಗೆಗಳ ವಿಧಾನ. ಅದನ್ನು ಓದುವಾಗ, ನಾಲಗೆಯ ಅರ್ಥ ಹುಡುಕಲು ಡಿಕ್ಷನರಿ ಬೇಕಾಗಲಿಲ್ಲ. ಕನ್ನಡದಲ್ಲೇ ಯಾರಾದರೂ ಬರೆಯಲಿ ಎಂದು ಈ ವೇದಿಕೆಯಿಂದ ಅರ್ಜಿ ಹಾಕುತ್ತೇನೆ.

ಜರ್ಮನಿಯಲ್ಲಿರುವ ನನ್ನ ಮಗ ಒಂದು ಸಂಗತಿ ಹೇಳಿದ. ತ್ರೀ ಇನ್ವೆಸ್ಟಿಗೇಟರ್ಸ್ ಎಂಬ ಮಕ್ಕಳ ಸರಣಿ ಅಮೆರಿಕದಲ್ಲಿ 1964ರಲ್ಲಿ ಹುಟ್ಟಿ 1987ಕ್ಕೆ ನಿಂತುಹೋಯಿತು. ಜರ್ಮನ್ನರು ಬಿಡಲಿಲ್ಲ, ತಾವೇ ಬರೆದು ಮುಂದುವರಿಸಿದರು. 1979ರಿಂದ ಅದರ ಧ್ವನಿನಾಟಕ ನಡೆದುಬಂದಿದೆ. ಅವತ್ತು ಆ ಮೂವರು ಹುಡುಗರಿಗೆ ಧ್ವನಿ ಕೊಟ್ಟ ಹುಡುಗರೇ, ಅರವತ್ತರ ಆಸುಪಾಸಿಗೆ ಬಂದರೂ, ಅದೇ ಪಾತ್ರಗಳಿಗೆ ಧ್ವನಿ ಕೊಡುತ್ತಿದ್ದಾರೆ. ಮಗನ ಆಫೀಸಿನ ನಡುವಯಸ್ಸಿನ ಗಂಡಸರು ಅದನ್ನು ಹಚ್ಚಿಕೊಂಡು ನಿದ್ದೆ ಮಾಡುತ್ತಾರಂತೆ. ಕೊನೆಗೆ ಕಳ್ಳ ಯಾರೆಂದು ಅವರಿಗೆ ಬೇಕಾಗಿಯೇ ಇಲ್ಲ, ಅಷ್ಟು ಹೊತ್ತಿಗೆ ಗೊರಕೆ.

ಇಷ್ಟಾದ ಮೇಲೆ ಮಿಲ್ಡ್ರೆಡ್‌ಳ ಉಳಿದ ಕಥೆ. ನ್ಯಾನ್ಸಿಗೂ ಮಾರ್ಪಲ್‌ಗೂ ನಡುವಿನ ಖಾಲಿ ಜಾಗವನ್ನು ಬದುಕಿ ತೋರಿಸಿದವಳು ಅವಳು. ಇಬ್ಬರು ಗಂಡಂದಿರನ್ನು ಕಳೆದುಕೊಂಡಳು, ಮಗಳನ್ನು ಬೆಳೆಸಿದಳು, 1944ರಿಂದ ಟೊಲೆಡೊ ಊರಿನ ಪತ್ರಿಕೆಗಳಲ್ಲಿ ವರದಿಗಾರ್ತಿಯಾಗಿ ದುಡಿದಳು. ಐವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿತಳು. 2002ರಲ್ಲಿ, 96ನೆಯ ವಯಸ್ಸಿನಲ್ಲಿ, ಪತ್ರಿಕೆಯ ಕಚೇರಿಯ ತನ್ನ ಮೇಜಿನ ಮುಂದೆ ಇರುವಾಗ ಅಸ್ವಸ್ಥಳಾಗಿ ಅಂದೇ ತೀರಿಕೊಂಡಳು. ಕೊನೆಯವರೆಗೂ ಪ್ರಶ್ನೆ ಕೇಳುವವರ ಕಡೆಯೇ ಇದ್ದಳು.

ನಮ್ಮ ಮನೆಯಲ್ಲೂ ಅಂಥವಳೊಬ್ಬಳಿದ್ದಳು. ಅಪ್ಪನ ಅಕ್ಕ, ನಾವು ದೊಡ್ಡತ್ತೆ ಎನ್ನುತ್ತಿದ್ದೆವು. ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಸೊಂಟದಲ್ಲಿ ಉಗ್ರಾಣದ ಬೀಗದ ಕೈ ಗೊಂಚಲು, ಕೈಯಲ್ಲಿ ಹೂಬತ್ತಿ ಹೊಸೆಯುವ ಹತ್ತಿ, ಜಗಲಿಯ ಕಂಬಕ್ಕೆ ಒರಗಿದರೆ ಇಡೀ ಬೀದಿ ಅವಳ ಕಣ್ಣಿನಲ್ಲಿ. ನನಗೆ ಹನ್ನೊಂದು ವರ್ಷವಿದ್ದಾಗ ಮನೆಯಲ್ಲಿ ತಮ್ಮನ ನಾಮಕರಣ. ನೆಂಟರೆಲ್ಲ ಹೊರಡುವ ಹೊತ್ತಿಗೆ ಒಂದು ಬೆಳ್ಳಿ ಲೋಟ ಕಾಣೆ. ಪಾತ್ರೆ ತೊಳೆಯುವ ಹೆಂಗಸಿನ ಮೇಲೆ ಎಲ್ಲರ ಕಣ್ಣು ಹೋಯಿತು. ಅವಳು ಹಿತ್ತಿಲ ಕಟ್ಟೆಯ ಮೇಲೆ ಅಳುತ್ತ ಕೂತಳು. ನಾನು ನೋಟುಪುಸ್ತಕ ತೆಗೆದುಕೊಂಡು, ಪಡಸಾಲೆಯಿಂದ ಬಾವಿಕಟ್ಟೆಯವರೆಗೆ ಹೆಜ್ಜೆಗುರುತು ಅಳೆದು, ಹದಿನೇಳು ಜನರ ಹೇಳಿಕೆ ಬರೆದುಕೊಂಡೆ. ರಾತ್ರಿ ದೊಡ್ಡತ್ತೆ ಕರೆದು, ‘ಎಲ್ಲಿ, ಓದು ನೋಡಣ’ ಅಂದಳು. ಓದಿದೆ. ಎರಡೇ ಪ್ರಶ್ನೆ ಕೇಳಿದಳು. ಯಾರು ಕಾಫಿ ಬೇಡ ಅಂದರು? ಯಾರ ಟ್ರಂಕಿನ ಬೀಗ ಹೊಸದು? ಉತ್ತರ ಹೇಳಿದೆ. ‘ಸರಿ, ಮಲಕ್ಕೊ’ ಅಂದಳು.

ಬೆಳಿಗ್ಗೆ ಲೋಟ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ‘ನಾನೇ ತೆಗೆದಿಟ್ಟು ಮರೆತಿದ್ದೆ ಕಣ್ರೋ, ವಯಸ್ಸಾಯ್ತು’ ಎಂದು ದೊಡ್ಡತ್ತೆ ಎಲ್ಲರ ಮುಂದೆ ಹೇಳಿ, ಪಾತ್ರೆ ತೊಳೆಯುವವಳ ಕೈಗೆ ಒಂದು ರವಕೆ ಕಣ ಇಟ್ಟಳು. ನನಗೆ ಸಿಟ್ಟು ಬಂತು. ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ನೋಡುತ್ತ, ಕೊನೆಗೆ ಬೆರಳು ತೋರಿಸಬೇಕೆಂದು ನಾನು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಆ ವಾರವೇ ಅಮ್ಮ, ನಿಮ್ಮ ಅಕ್ಕನಿಗೆ ಮರೆವು ಶುರುವಾಗಿದೆ ಎಂದು ಅಪ್ಪನಿಗೆ ಹೇಳಿ ಉಗ್ರಾಣದ ಬೀಗದ ಕೈ ತನ್ನ ಸೆರಗಿಗೆ ಕಟ್ಟಿಕೊಂಡಳು. ದೊಡ್ಡತ್ತೆ ಗೊಂಚಲು ಬಿಚ್ಚಿ ಕೊಟ್ಟಳು, ಒಂದು ಮಾತಾಡಲಿಲ್ಲ. ಅವಳಿಗೆ ಸಾಯುವವರೆಗೂ ಒಂದು ಸಾಸಿವೆ ಕಾಳಿನ ಲೆಕ್ಕವೂ ಮರೆತಿರಲಿಲ್ಲ.

ಆ ನೋಟುಪುಸ್ತಕ ಇತ್ತೀಚೆಗೆ ಅಟ್ಟ ಗುಡಿಸುವಾಗ ಸಿಕ್ಕಿತು. ಹದಿನೇಳು ಹೇಳಿಕೆಗಳನ್ನೂ ದೊಡ್ಡತ್ತೆಯ ವಯಸ್ಸಿನಲ್ಲಿ ಕೂತು ಓದಿದೆ. ಕಾಫಿ ಬೇಡ ಅಂದವರು, ಹೊಸ ಬೀಗದವರು, ಎರಡಕ್ಕೂ ಒಂದೇ ಹೆಸರು. ಯಾಕೆ ತೆಗೆದುಕೊಂಡಿದ್ದರು ಎಂಬುದೂ ಹೊಳೆಯಿತು. ಹೆಸರು ಹೇಳು ಎಂದು ಮುಂದಿನ ಸಾಲಿನಿಂದ ತಮ್ಮ ಸನ್ನೆ ಮಾಡುತ್ತಿದ್ದಾನೆ. ಅವತ್ತು ತೊಟ್ಟಿಲಲ್ಲಿದ್ದವನು ಅವನೇ. ಆ ನಾಮಕರಣಕ್ಕೆ ಬಂದವರಲ್ಲಿ ಇನ್ನೂ ಮೂವರು ಈ ಸಭೆಯಲ್ಲಿ ಕೂತಿದ್ದಾರೆ.

ಮಳೆ ನಿಂತಿದೆ. ಹೊರಗೆ ಕಾಫಿ ಇದೆಯಂತೆ.